ಮೇಸ್ತ್ರಿಯ ಉಪಮಾನಗಳು

ಕೈಗಡಿಯಾರವೊಂದನ್ನು ಬಿಟ್ಟರೆ ಆಕೆಯ ಮೈಮೇಲೆ ಇನ್ನೊಂದು ಒಡವೆ ಇರುತ್ತಿರಲಿಲ್ಲ. ಆದರೂ ಇಡೀ ಹೈಸ್ಕೂಲಿಗೆ ಆಕೆ ‘ಅಲಂಕಾರ ಟೀಚರ್’. ಪದ್ಯಪಾಠ ಎಂದರೆ ಆಕೆಗೆ ಅಲಂಕಾರ ಹುಡುಕುವ ಪಾಠ. ಪದ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿ, ಪುಸ್ತಕ ಮೇಜಿನ ಮೇಲಿಟ್ಟು, “ಸರಿ, ಯಾವುದನ್ನ ಯಾವುದಕ್ಕೆ ಹೋಲಿಸಿದಾರೆ?” ಎಂದು ಕೇಳುತ್ತಿದ್ದರು. ಯಾರೂ ಬಾಯಿ ಬಿಡದಿದ್ದರೆ ಕಾಯುವ ತಾಳ್ಮೆ ಇಲ್ಲ; ತಾವೇ ಉತ್ತರ ಹೇಳಿಬಿಡುತ್ತಿದ್ದರು. ಹೋಲಿಸಲ್ಪಡುವುದು ಉಪಮೇಯ, ಯಾವುದಕ್ಕೆ ಹೋಲಿಸುತ್ತೇವೋ ಅದು ಉಪಮಾನ, ಎರಡರಲ್ಲೂ ಇರುವ ಗುಣ ಸಮಾನಧರ್ಮ ಎಂದು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು, ಗೆರೆ ಎಳೆದು, ಬೆರಳಿಗಂಟಿದ ಸೀಮೆಸುಣ್ಣದ ಪುಡಿ ಕೊಡವಿಕೊಂಡರೆ ಪದ್ಯ ಮುಗಿಯಿತು. ಮಕ್ಕಳು ಬಾಯಿಪಾಠ ಮಾಡುತ್ತಿದ್ದರು, ಪರೀಕ್ಷೆಯಲ್ಲಿ ಒಪ್ಪಿಸುತ್ತಿದ್ದರು, ಪಾಸಾಗುತ್ತಿದ್ದರು. ಯಾರಿಗೂ ತಕರಾರಿರಲಿಲ್ಲ.

ತಕರಾರು ಇದ್ದದ್ದು ಮನೆಯಲ್ಲಿ. ಆಕೆಯ ಗಂಡ ಗಾಡಿ ರಿಪೇರಿ ಮಾಡುವ ಮೆಕ್ಯಾನಿಕ್. ಬೀದಿಯ ತುದಿಯಲ್ಲಿ ತಮ್ಮನ ಜೊತೆ ಸೇರಿ ಗ್ಯಾರೇಜ್ ಇಟ್ಟಿದ್ದರು. ಊರಿಗೆಲ್ಲ ‘ಮೇಸ್ತ್ರಿ’ ಎಂದೇ ಪರಿಚಯ. ಮನೆಯಲ್ಲಿ ಟೀಚರಮ್ಮ ಉತ್ತರಪತ್ರಿಕೆ ತಿದ್ದುತ್ತಾ ಕೂತರೆ, ಇವರು ಎದುರಿಗೆ ಕೂತು ಉಗುರಿನ ಸಂದಿಯ ಗ್ರೀಸು ತೆಗೆಯುತ್ತಾ ಕೆಣಕುತ್ತಿದ್ದರು.

“ಅಲ್ಲ ಟೀಚರೇ, ಮುಖಾನ ಮುಖ ಅಂದ್ರೆ ಏನು ಕಷ್ಟ? ಚಂದ್ರ ಯಾಕೆ ಬೇಕು? ನಮ್ಮಲ್ಲಿ ಹತ್ತನೇ ನಂಬರ್ ಸ್ಪ್ಯಾನರ್ ಕೇಳಿದ್ರೆ ಹತ್ತನೇ ನಂಬರೇ ಕೊಡಬೇಕು. ಅದರ ಹಾಗಿರೋದು ಕೊಟ್ಟರೆ ನಟ್ಟು ಬರಲ್ಲ.”

“ಕತ್ತೆಗೇನ್ರೀ ಗೊತ್ತು ಕಸ್ತೂರಿ ಪರಿಮಳ?”

“ನೋಡು, ಬೈಯೋಕೂ ನಿನಗೆ ಅಲಂಕಾರವೇ ಬೇಕು.”

ಜಗಳವಲ್ಲ ಇದು. ಊಟಕ್ಕೆ ಮುಂಚಿನ ಹರಟೆ. ಆದರೆ ಒಬ್ಬರ ಕೆಲಸದೊಳಗೆ ಇನ್ನೊಬ್ಬರು ಇಣುಕಿದವರಲ್ಲ. ಟೀಚರಮ್ಮ ಗ್ಯಾರೇಜಿನ ಗೇಟು ದಾಟಿದ್ದು ಕಡಿಮೆ. ಸೀರೆಗೆ ಎಣ್ಣೆ ಹತ್ತೀತು ಎಂಬ ಭಯ. ಮೇಸ್ತ್ರಿ ಹೆಂಡತಿಯ ಪುಸ್ತಕದ ಕಪಾಟು ತೆರೆದಿದ್ದು ಅದರ ಕೀಲು ಸರಿಮಾಡಲು ಮಾತ್ರ.

ಮಗಳು ಮದುವೆಯಾಗಿ ಅದೇ ಊರಿನ ಇನ್ನೊಂದು ಬಡಾವಣೆಯಲ್ಲಿದ್ದಳು, ಔಷಧದ ಅಂಗಡಿಯಲ್ಲಿ ಕೆಲಸ. ಟೀಚರಮ್ಮ ನಿವೃತ್ತಿಯ ದಿನಗಳನ್ನು ಎದುರು ನೋಡುತ್ತಿದ್ದರು. ಅಂಥ ಹೊತ್ತಿನಲ್ಲಿ ಒಂದು ಬೆಳಿಗ್ಗೆ, ಗ್ಯಾರೇಜಿನಲ್ಲಿ ಕಾರಿನ ಬಾನೆಟ್ ಎತ್ತಿ ಬಗ್ಗಿದ್ದ ಮೇಸ್ತ್ರಿ ತಮ್ಮನ ಕಡೆ ತಿರುಗಿ ಏನೋ ಕೇಳಿದರು. ಕೇಳಿದ್ದು ಮಾತಿನ ಹಾಗಿತ್ತು, ಆದರೆ ಮಾತಾಗಿರಲಿಲ್ಲ. ಬಲಗೈಯಿಂದ ಸ್ಪ್ಯಾನರ್ ಜಾರಿ ಬಿತ್ತು. ತಮ್ಮ ಚುರುಕಿನವನು. ಅಣ್ಣನನ್ನು ಎತ್ತಿ ರಿಪೇರಿಗೆ ಬಂದಿದ್ದ ಇನ್ನೊಂದು ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹಾರಿದ. ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ಬೇಗ ತಂದಿದ್ದರಿಂದ ಜೀವಕ್ಕೆ ಅಪಾಯವಿಲ್ಲ ಎಂದರು.

ಜೀವ ಉಳಿಯಿತು. ಕೈಗೂ ಕ್ರಮೇಣ ಬಲ ಬಂತು. ಮಾತೂ ಬಂತು. ಆದರೆ ಮಾತಿನೊಳಗಿನ ಹೆಸರುಗಳು ಬರಲಿಲ್ಲ. ‘ಕೊಡು’, ‘ತೆಗಿ’, ‘ಬೇಡ’, ‘ಬೇಗ’ ಎಲ್ಲ ಸಲೀಸು. ಏನು ಕೊಡಬೇಕು, ಏನು ತೆಗೆಯಬೇಕು ಎನ್ನುವಲ್ಲಿ ನಾಲಿಗೆ ನಿಂತುಬಿಡುತ್ತಿತ್ತು. “ಅದು ಕೊಡು. ಅದು. ಅದೇ ಕಣೇ, ಅದು!” ಟೀಚರಮ್ಮ ಲೋಟ ತಂದರೆ ತಲೆಯಾಡಿಸುವುದು, ಟವೆಲ್ ತಂದರೆ ಹಲ್ಲು ಕಚ್ಚುವುದು. ಒಂದು ದಿನ ತಟ್ಟೆಯನ್ನೇ ನೂಕಿದರು. ಅದು ಬಿದ್ದು ಗಿರಗಿರ ತಿರುಗಿ ನಿಂತ ಮೇಲೆ ಇಬ್ಬರೂ ಅದನ್ನೇ ನೋಡುತ್ತಾ ಕೂತರು. ಆ ವಾರಗಳಲ್ಲಿ ಆಕೆ ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟು ಅತ್ತದ್ದುಂಟು.

ಹೀಗಿರುವಾಗ ಒಂದು ಬೆಳಿಗ್ಗೆ ಮೇಸ್ತ್ರಿ ಸ್ನಾನ ಮುಗಿಸಿ ಕನ್ನಡಿಯ ಮುಂದೆ ನಿಂತಿದ್ದರು. ಏನೋ ಬೇಕಾಗಿತ್ತು. ಕೈ ಗಾಳಿಯಲ್ಲಿ ಹುಡುಕಿತು. ಸಿಟ್ಟು ಬರುವುದರಲ್ಲಿತ್ತು. ಅಷ್ಟರಲ್ಲಿ ಬಾಯಿ ಬೇರೆ ದಾರಿ ಹಿಡಿಯಿತು.

“ಹಲ್ಲಿದೆ... ಕಡಿಯಲ್ಲ.”

ಟೀಚರಮ್ಮ ಯೋಚಿಸಲೇ ಇಲ್ಲ. ಬಾಚಣಿಗೆ ತಂದು ಕೈಗಿಟ್ಟರು. ಮೇಸ್ತ್ರಿ ಅದನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ನಕ್ಕರು. ನಗು ಒಂದು ಪಕ್ಕಕ್ಕೆ ಸ್ವಲ್ಪ ವಾಲಿತ್ತು.

ಆಕೆ ಶಾಲೆಗೆ ಹೋಗುವ ಬಸ್ಸಿನಲ್ಲಿ ಕೂತು ಇದನ್ನೇ ಯೋಚಿಸಿದರು. ಒಗಟು ಇದು. ಉಪಮೇಯ ಮರೆಯಾಗಿ ಗುಣ ಮಾತ್ರ ಉಳಿದಿದೆ. ‘ಅದು, ಅದು’ ಎಂದು ಪರದಾಡುವಾಗ ಈ ಮನುಷ್ಯನ ಬಳಿ ಇಲ್ಲದ್ದು ಹೆಸರು ಮಾತ್ರ. ವಸ್ತುವಿನ ರೂಪ, ಕೆಲಸ, ಸದ್ದು ಎಲ್ಲ ತಲೆಯಲ್ಲಿ ಹಾಗೇ ಇದೆ. ಇಷ್ಟು ದಿನ ನಾನು ಏನು ಬೇಕು ಎಂದು ಕೇಳುತ್ತಿದ್ದೆ. ಹೇಗಿದೆ ಎಂದು ಕೇಳಬೇಕಿತ್ತು.

ಅವತ್ತು ಸಂಜೆಯಿಂದ ಹಾಗೇ ಕೇಳತೊಡಗಿದರು. “ಅದು ಯಾವುದರ ಹಾಗಿದೆ, ಹೇಳಿ.” ಮೇಸ್ತ್ರಿಗೆ ಮನೆಯ ಸಾಮಾನಿನ ಹೆಸರುಗಳು ಅಳಿಸಿಹೋಗಿದ್ದವೇ ಹೊರತು ಗ್ಯಾರೇಜಿನ ಎಷ್ಟೋ ಪದಗಳು ಕೈಗೆ ಅಂಟಿದ ಮಸಿಯ ಹಾಗೆ ಉಳಿದುಕೊಂಡಿದ್ದವು. ಆದ್ದರಿಂದ ಮನೆಗೆಲ್ಲ ಗ್ಯಾರೇಜಿನ ಉಪಮಾನಗಳು ಬಂದವು. ಕನ್ನಡಕ ಹೆಡ್‌ಲೈಟ್ ಆಯಿತು. ದಿಂಬು ತಲೆಯ ಸೀಟಾಯಿತು. ಚಹಾ ಪೆಟ್ರೋಲು. ಫ್ರಿಜ್ಜಿಗೆ ಮಾತ್ರ ಯಾವ ಗಾಡಿಯೂ ಒದಗಲಿಲ್ಲವೇನೋ, “ಚಳಿಗಾಲದ ಬಾಗಿಲು ತೆಗಿ, ಹಣ್ಣಿದ್ದರೆ ಕೊಡು” ಎಂದರು. ಆ ಮಾತು ಕೇಳಿ ಟೀಚರಮ್ಮ ಹಣ್ಣು ಕೊಡುವುದನ್ನು ಮರೆತು ಕ್ಷಣಕಾಲ ಫ್ರಿಜ್ಜಿನ ಬಾಗಿಲು ಹಿಡಿದು ನಿಂತಿದ್ದರು. ತಣ್ಣನೆ ಗಾಳಿ ಕಾಲಿಗೆ ಬೀಸುತ್ತಿತ್ತು.

ಮಗಳು ಒಂದು ಭಾನುವಾರ ಬಂದಾಗ ಅಪ್ಪ ಬಾಗಿಲ ಕಡೆ ಮುಖ ಮಾಡಿ, “ಹಾರ್ನ್ ಬಂತು” ಎಂದರು.

“ಯಾವ ಹಾರ್ನಪ್ಪ?”

“ಅಪ್ಪ ನಿನಗೇ ಹೇಳಿದ್ದು ಕಣೆ,” ಎಂದರು ಟೀಚರಮ್ಮ. “ಬೀದಿ ತುದಿಯಿಂದ್ಲೇ ಕೂಗ್ತಾ ಬರ್ತೀಯಲ್ಲ, ಅದಕ್ಕೆ.”

“ಚೆನ್ನಾಗಿದೆ! ನಾನು ಹಾರ್ನಾದ್ರೆ ನಿಮ್ಮ ಅಳಿಯ ಏನು?”

ಮೇಸ್ತ್ರಿ ಗಂಭೀರವಾಗಿ ಯೋಚಿಸಿದರು. “ಸೈಲೆನ್ಸರ್.”

ಅಳಿಯನ ಸ್ವಭಾವ ಬಲ್ಲವರಿಗೆ ಇದಕ್ಕೆ ಸಮನ್ವಯ ಬರೆಯುವ ಅಗತ್ಯವಿಲ್ಲ. ಮಗಳು ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಳು.

ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಬೇಕಿತ್ತು. ಅಲ್ಲಿ ಮಾತು ಕಲಿಸುವ ಒಬ್ಬಾಕೆ ಇದ್ದಳು, ಮಗಳಿಗಿಂತ ಚಿಕ್ಕವಳು, ತಾಳ್ಮೆಯವಳು. ಚಿತ್ರಗಳ ಕಾರ್ಡು ತೋರಿಸಿ ಹೆಸರು ಹೇಳಿಸುತ್ತಿದ್ದಳು. ಟೀಚರಮ್ಮ ಹೆಮ್ಮೆಯಿಂದ ಮನೆಯ ಪ್ರಸಂಗಗಳನ್ನೆಲ್ಲ ಹೇಳಿದರು. ಗಂಡ ‘ಹೆಡ್‌ಲೈಟ್’ ಎನ್ನುವಷ್ಟರಲ್ಲಿ ತಾವು ‘ಕನ್ನಡಕ’ ಎಂದು ಹೇಳಿ ಕೊಡುವುದನ್ನೂ ಹೇಳಿದರು.

“ಮೇಡಂ, ನೀವು ಕೇಳ್ತಿರೋ ರೀತಿ ತುಂಬಾ ಸರಿಯಾಗಿದೆ,” ಎಂದಳು ಆಕೆ. “ಹೆಸರು ಸಿಗದಿದ್ದಾಗ ಸುತ್ತಿ ಬಳಸಿ ಹೇಳೋದು ಒಳ್ಳೆ ದಾರಿ. ಆ ದಾರೀಲಿ ಹೋಗ್ತಾ ಹೋಗ್ತಾನೇ ಎಷ್ಟೋ ಸಲ ಹೆಸರು ಸಿಗುತ್ತೆ. ಆದ್ರೆ ಒಂದು ಮಾತು. ಉತ್ತರ ನೀವು ಹೇಳಬೇಡಿ.”

“ಹೇಳದಿದ್ರೆ ಪಾಪ ಒದ್ದಾಡ್ತಾರೆ.”

“ಸ್ವಲ್ಪ ಒದ್ದಾಡಲಿ. ನೀವು ಪಕ್ಕದಲ್ಲೇ ಇದೀರಲ್ಲ. ಒಗಟು ಬಿಡಿಸೋ ಸುಖ ಎಲ್ಲಾ ನೀವೇ ತಗೊಂಡ್ರೆ ಅವರಿಗೇನು ಉಳೀತು?”

ಟೀಚರಮ್ಮನ ಕಿವಿ ಬಿಸಿಯಾಯಿತು. ಮರುದಿನ ತರಗತಿಯಲ್ಲಿ “ಯಾವುದನ್ನ ಯಾವುದಕ್ಕೆ ಹೋಲಿಸಿದಾರೆ?” ಎಂದು ಕೇಳಿ, ಎಂದಿನಂತೆ ಉತ್ತರ ಬಾಯಿಗೆ ಬಂದದ್ದನ್ನು ನುಂಗಿಕೊಂಡರು. ಮಕ್ಕಳು ಟೀಚರಿಗೆ ಹುಷಾರಿಲ್ಲ ಎಂದುಕೊಂಡರು. ಕೊನೆಗೆ ಹಿಂದಿನ ಬೆಂಚಿನಿಂದ ಯಾರೋ ತಪ್ಪು ಉತ್ತರ ಹೇಳಿದರು. ಅದರ ಹಿಂದೆಯೇ ಇನ್ನೊಬ್ಬರು ಸರಿಯಾದದ್ದು ಹೇಳಿದರು.

ಕಾಯುವುದನ್ನು ಆಕೆ ಮನೆಯಲ್ಲೂ ರೂಢಿಸಿಕೊಂಡರು. ಕಷ್ಟವಾಯಿತು. ಅರಳು ಹುರಿದಂತೆ ಮಾತಾಡುವ ಹೆಂಗಸು ತುಟಿ ಬಿಗಿದು ಕೂರುವುದೆಂದರೆ ಸುಮ್ಮನೆಯೇ? ಮೇಸ್ತ್ರಿ “ಹೆಡ್‌ಲೈಟ್” ಎಂದರೆ ಇವರು “ಹೂಂ, ಎಲ್ಲಿ ಹಾಕ್ಕೊಳ್ಳೋದು?” ಎನ್ನುವರು. “ಮೂಗಿನ ಮೇಲೆ.” “ಹಾಕ್ಕೊಂಡ್ರೆ ಏನಾಗುತ್ತೆ?” “ನೀನು ಸ್ಪಷ್ಟ ಕಾಣ್ತೀಯ. ಅದಕ್ಕೇ ಒಂದೊಂದ್ಸಲ ಬೇಡ ಅನ್ಸುತ್ತೆ.” ಹೆಸರು ಬರಲಿಲ್ಲ, ಹಾಸ್ಯ ಬಂತು. ಅದೂ ಒಂದು ಸುಧಾರಣೆಯೇ ಎಂದು ಟೀಚರಮ್ಮ ಕನ್ನಡಕ ಕೊಟ್ಟರು.

ಆಮೇಲೆ ಹಕ್ಕಿಯ ಪ್ರಸಂಗ ನಡೆಯಿತು. ಅದನ್ನು ಆ ಮನೆಯವರು ಈಗಲೂ ಹೇಳಿಕೊಂಡು ನಗುತ್ತಾರೆ.

ರಜೆಯ ದಿನ. ಟೀಚರಮ್ಮ ನಡುಮನೆಯಲ್ಲಿ ಬಟ್ಟೆ ಮಡಿಸುತ್ತಿದ್ದರು. ಮೇಸ್ತ್ರಿ ಅಡುಗೆಮನೆಯ ಬಾಗಿಲಲ್ಲಿ ಕಾಣಿಸಿಕೊಂಡು, “ಒಳಗೆ ಹಕ್ಕಿ ಇದೆ” ಎಂದರು.

ಟೀಚರಮ್ಮ ಮಡಿಸುತ್ತಿದ್ದ ಅಂಗಿ ಕೆಳಗಿಟ್ಟು ಕೆಲಸಕ್ಕಿಳಿದರು. ಹಕ್ಕಿ. ಉಪಮಾನ ಸಿಕ್ಕಿತು. ಸಮಾನಧರ್ಮ ಯಾವುದು? ಹಾರುವುದೇ, ಹಾಡುವುದೇ?

“ಕೂಗುತ್ತಾ?” ಎಂದರು. ಕುಕ್ಕರಿನ ಸೀಟಿ ಇರಬಹುದು.

“ಕೂಗುತ್ತೆ.”

“ಬಿಸಿ ಇದೆಯಾ?”

ಮೇಸ್ತ್ರಿ ವಿಚಿತ್ರವಾಗಿ ನೋಡಿದರು. “ನನಗೇನು ಗೊತ್ತು? ಮುಟ್ಟಿಲ್ಲ.”

“ಸರಿ, ಅವಸರ ಬೇಡ. ರೆಕ್ಕೆ ಇದೆ ಅಂತೀರಾ? ತಿರುಗುತ್ತಾ? ಫ್ಯಾನಿನ ಹಾಗೆ?”

“ರೆಕ್ಕೆ ಇದೆ. ತಿರುಗಲ್ಲ.”

“ಅಂದ್ರೆ... ಇವತ್ತು ಮಗಳು ಬರೋ ಸುದ್ದಿಯೇನಾದ್ರೂ—”

“ಹಕ್ಕಿ ಅಂದ್ರೆ ಹಕ್ಕಿ ಕಣೇ!” ಮೇಸ್ತ್ರಿ ಗೋಡೆಗೆ ಕೈ ಬಡಿದರು. “ಪುಕ್ಕ ಇರೋ ಹಕ್ಕಿ! ಕಿಟಕಿಯಿಂದ ಬಂದಿದೆ! ಬ್ರೆಡ್ ತಿಂತಿದೆ!”

ಒಳಗಿನಿಂದ ಪಟಪಟ ಸದ್ದಾಯಿತು, ಚಮಚ ಬಿದ್ದ ಸದ್ದೂ ಆಯಿತು. ಟೀಚರಮ್ಮ ಓಡಿ ನೋಡಿದರೆ ಗುಬ್ಬಚ್ಚಿಯೊಂದು ಕಟ್ಟೆಯ ಮೇಲೆ ಕೂತು ಬ್ರೆಡ್ಡಿನ ಅಂಚು ಕುಕ್ಕುತ್ತಿದೆ. ಇವರನ್ನು ಕಂಡದ್ದೇ ಹಾರಿ ಕಪಾಟಿನ ನೆತ್ತಿಗೆ ಏರಿತು. ಅದನ್ನು ಓಡಿಸಲು ಪೊರಕೆ ಎತ್ತಿದ ಟೀಚರಮ್ಮನ ಕೈ ಅಲ್ಲೇ ನಿಂತಿತು.

“ರೀ... ನೀವೀಗ ಏನಂದ್ರಿ?”

“ಏನಂದೆ?”

“ಹಕ್ಕಿ. ಪುಕ್ಕ. ಕಿಟಕಿ. ಬ್ರೆಡ್.”

ಮೇಸ್ತ್ರಿ ಒಂದೊಂದನ್ನೂ ಮತ್ತೆ ಹೇಳಿ ನೋಡಿದರು, ಸಡಿಲ ನಟ್ಟನ್ನು ಬೆರಳಿನಲ್ಲಿ ತಿರುಗಿಸಿ ನೋಡುವಂತೆ. “ಹಕ್ಕಿ. ಕಿಟಕಿ.” ಬಿಗಿಯಾಗಿ ಕೂತಿದ್ದವು. ಟೀಚರಮ್ಮ ಪೊರಕೆಯನ್ನು ಗೋಡೆಗೊರಗಿಸಿ ನೆಲದ ಮೇಲೆಯೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಂಡಕಂಡಲ್ಲೆಲ್ಲ ರೂಪಕ ಹುಡುಕಬೇಡಿ, ಕೆಲವು ಸಲ ಹೂ ಅಂದರೆ ಬರೀ ಹೂವು ಎಂದು ಎಷ್ಟು ಮಕ್ಕಳ ಉತ್ತರಪತ್ರಿಕೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದರೋ! ಗುಬ್ಬಿ ಅಷ್ಟು ಹೊತ್ತಿಗೆ ಬಂದ ಕಿಟಕಿಯಿಂದಲೇ ಹೊರಟುಹೋಗಿತ್ತು.

ಅಲ್ಲಿಂದ ಮುಂದೆ ಹೆಸರುಗಳು ಒಂದೊಂದಾಗಿ ಮರಳಿದವು. ಎಲ್ಲವೂ ಒಟ್ಟಿಗೆ ಬರಲಿಲ್ಲ. ಇವತ್ತು ಬಂದದ್ದು ನಾಳೆ ಇರುತ್ತದೆಂಬ ಖಾತ್ರಿಯೂ ಇರಲಿಲ್ಲ. ಆದರೂ ಮೇಸ್ತ್ರಿಯ ಮುಖದ ಮೇಲಿದ್ದ ಭಯ ಹೋಯಿತು. ಮೈದುನ ಬಂದು, “ಅತ್ತಿಗೆ, ಅಣ್ಣನ್ನ ಗ್ಯಾರೇಜಿಗೆ ಕಳಿಸಿ. ಕೆಲಸ ಮಾಡೋದೇನೂ ಬೇಡ. ಬಂದು ಕೂತ್ರೆ ಸಾಕು, ನನಗೆ ಆನೆಬಲ” ಎಂದ. ಡಾಕ್ಟರೂ ಒಪ್ಪಿದರು. ಮೊದಲ ದಿನ ಒಬ್ಬರನ್ನೇ ಕಳಿಸಲು ಮನಸ್ಸಾಗದೆ ಟೀಚರಮ್ಮ ಜೊತೆಗೆ ಹೋದರು. ಹಳೆಯ ಸೀರೆ ಉಟ್ಟುಕೊಂಡು ಹೋದರು.

ಗ್ಯಾರೇಜಿನಲ್ಲಿ ಟಯರುಗಳ ರಾಶಿಯ ಪಕ್ಕ ಅಣ್ಣನಿಗೊಂದು, ಅತ್ತಿಗೆಗೊಂದು ಕುರ್ಚಿ ಹಾಕಿ, ಮೈದುನ ಅತ್ತಿಗೆಯ ಕುರ್ಚಿಯನ್ನು ಮೂರು ಸಲ ಒರೆಸಿದ. ಸ್ವಲ್ಪ ಹೊತ್ತಿಗೆ ಬೇಕರಿಯ ವ್ಯಾನ್ ಓಡಿಸುವವನು ಬಂದ.

“ಮೇಸ್ತ್ರಿ! ಬಂದ್ರಾ! ದೇವರು ದೊಡ್ಡೋನು. ನೋಡಿ ನನ್ನ ಗಾಡೀನ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಮುದುಕ ಕೆಮ್ಮಿದ ಹಾಗೆ ಮಾಡುತ್ತೆ.”

ಮೇಸ್ತ್ರಿ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದರು.

“ಒಣ ಕೆಮ್ಮಾ, ಕಫದ ಕೆಮ್ಮಾ?”

“ಒಣ ಕೆಮ್ಮು. ಖಕ್ ಖಕ್ ಅಂತ. ಆಮೇಲೆ ಬಿಸಿಯಾದ್ರೆ ಸರಿಹೋಗುತ್ತೆ.”

“ಏರು ಹತ್ತೋವಾಗ?”

“ಆಗ ಉಬ್ಬಸ.”

ಮೇಸ್ತ್ರಿ ತಮ್ಮನ ಕಡೆ ತಿರುಗಿದರು. ಭಾಗದ ಹೆಸರು ಬೇಕಾಗಿತ್ತು, ಅದು ಸಿಗಲಿಲ್ಲ. “ಅದರ ಮೂಗು ಕಟ್ಟಿದೆ. ಬಿಚ್ಚಿ ನೋಡು,” ಎಂದರು. ತಮ್ಮ ಹೋಗಿ ಏರ್ ಫಿಲ್ಟರ್ ಬಿಚ್ಚಿದ. ಒಳಗೆ ಧೂಳಿನ ಜೊತೆ ಮೈದಾಹಿಟ್ಟು ಮೆತ್ತಿಕೊಂಡು ರೊಟ್ಟಿಯಾಗಿತ್ತು.

ಕಾಯಿಲೆಯಿಂದಾಗಿ ಗಂಡ ಹೀಗೆ ಮಾತಾಡುತ್ತಿದ್ದಾರೆ ಎಂದುಕೊಂಡು ಟೀಚರಮ್ಮ ಮೈದುನನಿಗೆ ಮೆಲ್ಲಗೆ ಹೇಳಿದರೆ, ಅವನು ನಕ್ಕ.

“ಅಣ್ಣ ಮೊದಲಿಂದ್ಲೂ ಹೀಗೇ ಅತ್ತಿಗೆ. ಗಾಡಿ ತರೋರಿಗೆ ಒಳಗಿನ ಸಾಮಾನಿನ ಹೆಸರು ಎಲ್ಲಿ ಗೊತ್ತಿರುತ್ತೆ? ಒಬ್ಬರು ಬೆಕ್ಕು ಅಳುತ್ತೆ ಅಂತಾರೆ, ಒಬ್ಬರು ಡಬ್ಬಿಯೊಳಗೆ ಕಲ್ಲು ಅಲ್ಲಾಡಿಸಿದ ಹಾಗೆ ಅಂತಾರೆ. ಒಬ್ಬಮ್ಮ ಬಂದು, ಗಾಡಿ ನನ್ನ ಮೇಲೆ ಮುನಿಸಿಕೊಂಡಿದೆ ಅಂದಿದ್ರು. ಅಣ್ಣ ಯಾರನ್ನೂ ನೋಡಿ ನಗ್ತಿರಲಿಲ್ಲ. ಯಾವ ಬೆಕ್ಕು, ಎಂಥಾ ಕಲ್ಲು ಅಂತ ಕೂರಿಸಿಕೊಂಡು ಕೇಳೋರು. ಅರ್ಧ ರಿಪೇರಿ ಅಲ್ಲೇ ಆಗ್ತಿತ್ತು.”

ಟೀಚರಮ್ಮ ಗಂಡನ ಕಡೆ ತಿರುಗಿದರು. “ರೀ, ಹತ್ತನೇ ನಂಬರ್ ಸ್ಪ್ಯಾನರ್ ಅಂತ ಅಷ್ಟು ವರ್ಷ ನನ್ನ ತಲೆ ತಿಂದ್ರಲ್ಲ! ದಿನವಿಡೀ ಇಲ್ಲಿ ಕೂತು ಉಪಮಾಲಂಕಾರ ಬಿಡಿಸ್ತಿದ್ರಾ?”

“ಅಲಂಕಾರ ಅಂತ ಯಾರಿಗೆ ಗೊತ್ತಿತ್ತು?” ಎಂದರು ಮೇಸ್ತ್ರಿ. “ನಾನು ಕಂಪ್ಲೇಂಟ್ ಅಂದುಕೊಂಡಿದ್ದೆ.”

ಆ ಮಾತನ್ನು ಟೀಚರಮ್ಮ ಶಾಲೆಗೆ ಹೊತ್ತುಕೊಂಡು ಹೋದರು. ಅದು ಅವರ ಕೊನೆಯ ವರ್ಷ. ಮುಂದಿನ ಪದ್ಯದ ದಿನ ಬೋರ್ಡಿನ ಮೇಲೆ ಏನೂ ಬರೆಯದೆ, “ನಿಮ್ಮ ಮನೇಲಿ ಕೇಳಿಸೋ ಒಂದು ಸದ್ದು ಹೇಳಿ. ಹೆಸರು ಹೇಳಬಾರದು. ಯಾವುದರ ಹಾಗಿದೆ ಅಂತ ಮಾತ್ರ ಹೇಳಬೇಕು” ಎಂದರು. ಮೊದಲು ಗುಸುಗುಸು. ಆಮೇಲೆ ಒಬ್ಬ ಹುಡುಗಿ ಎದ್ದು, “ಯಾರೋ ಮರಳಿನ ಮೇಲೆ ಚಪ್ಪಲಿ ಎಳೀತಾ ಹೋದ ಹಾಗೆ, ಬೆಳಗಿನ ಜಾವ” ಎಂದಳು. ಎಲ್ಲರೂ ಊಹಿಸಿ ಸೋತರು. ಅದು ಅವಳ ಅಜ್ಜಿಯ ಉಸಿರಾಟದ ಸದ್ದು. ಆಗ ಟೀಚರಮ್ಮ ಪುಸ್ತಕ ತೆರೆದು ಪದ್ಯ ಓದಿದರು. ಓದಿ, ಅಲಂಕಾರ ಯಾವುದು ಎಂದು ಕೇಳಲಿಲ್ಲ. “ಕಣ್ಣಿಗೆ ಏನು ಸಿಕ್ತು? ಕಿವಿಗೆ? ಮೂಗಿಗೆ? ಚರ್ಮಕ್ಕೆ?” ಎಂದು ಕೇಳಿದರು. ಸಿಕ್ಕಿದ್ದನ್ನು ಮಕ್ಕಳು ಹೇಳಿದ ಮೇಲೆಯೇ ಅದಕ್ಕೆ ಉಪಮೆಯೋ ರೂಪಕವೋ ಎಂದು ಹೆಸರಿಡುವುದು. ಹೆಸರು ಕೊನೆಗೆ ಬಂದರೂ ನಡೆಯುತ್ತದೆ ಎಂದು ಮನೆಯಲ್ಲಿ ಕಂಡಿದ್ದರಲ್ಲ.

ಆ ಸಲದ ಪರೀಕ್ಷೆಯಲ್ಲಿ ಲಕ್ಷಣ ಬರೆಯುವಾಗ ಮಕ್ಕಳು ಒಂದಿಷ್ಟು ತಪ್ಪಿದರು. ಅಲಂಕಾರ ಗುರುತಿಸುವಾಗ ಮಾತ್ರ ತಪ್ಪಲಿಲ್ಲ. ಹೆಡ್‌ಮಾಸ್ತರು ಲಕ್ಷಣದ ಬಗ್ಗೆ ಸ್ವಲ್ಪ ಗೊಣಗಿದರು. ಟೀಚರಮ್ಮ ಹೂಂಗುಟ್ಟಿ ಬಂದರು.

ಈಗ ಅವರು ನಿವೃತ್ತರು. ಬೆಳಿಗ್ಗೆ ಗಂಡನ ಜೊತೆ ಗ್ಯಾರೇಜಿಗೆ ಹೋಗಿ ಒಂದು ಗಳಿಗೆ ಕೂತು, ಗಿರಾಕಿಗಳ ಮಾತು ಕೇಳಿ, ತರಕಾರಿ ಕೊಂಡು ಮನೆಗೆ ಬರುತ್ತಾರೆ. ಮೇಸ್ತ್ರಿಗೆ ಈಗ ಹೆಚ್ಚುಕಡಿಮೆ ಎಲ್ಲ ಹೆಸರೂ ಬರುತ್ತವೆ. ಫ್ರಿಜ್ಜನ್ನು ಮಾತ್ರ ಇಬ್ಬರೂ ಚಳಿಗಾಲ ಎಂದೇ ಕರೆಯುತ್ತಾರೆ. ಮನೆಗೆ ಬಂದ ನೆಂಟರು ತಬ್ಬಿಬ್ಬಾಗುತ್ತಾರೆ.

ಮೊನ್ನೆ ಒಂದು ಮಧ್ಯಾಹ್ನ ಟೀಚರಮ್ಮ ಕಿಟಕಿಯ ಪಕ್ಕ ಕೂತು ಯಾವುದೋ ಹೊಸ ಕವಿತೆ ಓದುತ್ತಿದ್ದರು. ಮೇಸ್ತ್ರಿ ಪಕ್ಕದಲ್ಲಿ ಬಂದು ಕೂತು, “ಜೋರಾಗಿ ಓದು” ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ಕೇಳದ ಮಾತು. ಆಕೆ ಗಂಟಲು ಸರಿಮಾಡಿಕೊಂಡು ಓದಿದರು:

“ಸಂಜೆಯೊಂದು ಹಳೆಯ ಬಾಗಿಲು,
ಮುಚ್ಚುವಾಗ ನರಳುತ್ತದೆ.”

ಮೇಸ್ತ್ರಿ ತಲೆ ಓರೆ ಮಾಡಿ ಕೇಳಿದರು.

“ಕೀಲಿಗೆ ಎಣ್ಣೆ ಹಾಕಿಲ್ಲ,” ಎಂದರು.

“ಅಯ್ಯೋ ನಿಮ್ಮ!” ಟೀಚರಮ್ಮ ನಗುತ್ತಾ ಪುಸ್ತಕದಿಂದ ಅವರ ತೋಳಿಗೆ ತಟ್ಟಿದರು.

ಮೇಸ್ತ್ರಿ ನಗಲಿಲ್ಲ. ಕಿಟಕಿಯ ಆಚೆ ನೋಡುತ್ತಿದ್ದರು.

“ಇಲ್ಲ ಕಣೇ, ಚೆನ್ನಾಗಿದೆ,” ಎಂದರು. “ಕೇಳಿಸ್ತು.”

ಟೀಚರಮ್ಮ ಪುಸ್ತಕ ತೆರೆದು ಮುಂದಿನ ಸಾಲಿಗೆ ಬೆರಳಿಟ್ಟರು.